ಬಾಲದ ಕೆಳಗಿನ ವಿಸರ್ಗ

ಬೆಕ್ಕಿನ ಮರಿ ಬೇಕು ಅಂತ ಬರುವವರು ಮರಿಯನ್ನು ನೋಡುವ ಮೊದಲೇ ಕೇಳುತ್ತಾರೆ: "ಗಂಡು ತಾನೇ?" ಕೊಡುವವರ ಉತ್ತರವೂ ನಾಲಿಗೆ ತುದಿಯಲ್ಲೇ ಇರುತ್ತೆ: "ಗಂಡೇ ಕಣ್ರೀ, ಬೇಕಾದ್ರೆ ನೋಡ್ಕೊಳ್ಳಿ." ಹೀಗೆ ನಾಲ್ಕು ಜನರ ಎದುರಿಗೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ ಅನ್ನುವುದು ಕೊಡುವವರಿಗೆ ಚೆನ್ನಾಗಿ ಗೊತ್ತು. ಮರ್ಯಾದಸ್ಥರು ಬೆಕ್ಕಿನ ಬಾಲ ಎತ್ತಿ ನೋಡುತ್ತಾರೆಯೇ? ಮರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ಹೀಗಾಗಿ ನಮ್ಮ ಬೀದಿಯ ಲೆಕ್ಕದಲ್ಲಿ ಹೆಣ್ಣು ಮರಿ ಹುಟ್ಟಿದ್ದೇ ಇಲ್ಲ. ಪ್ರತಿ ಸೂಲಿನಲ್ಲೂ ಎಲ್ಲವೂ ಗಂಡೇ. ಆರೇಳು ತಿಂಗಳಾದ ಮೇಲೆ ಆ ಗಂಡುಗಳಲ್ಲಿ ಅರ್ಧದಷ್ಟು ಮರಿ ಹಾಕುತ್ತವೆ, ಅಷ್ಟೇ.

ಬಾಲದ ಕಡೆ ನೋಡಲು ನಾಚುವ ನಾವು ಮುಖ ನೋಡಿ ಮಣೆ ಹಾಕುವುದರಲ್ಲಿ ನಿಸ್ಸೀಮರು. ತಲೆ ದಪ್ಪಗಿದ್ದರೆ ಗಂಡು. ಕಣ್ಣಂಚಿನಲ್ಲಿ ಕಾಡಿಗೆಯ ಗೆರೆಯಿದ್ದರೆ ಹೆಣ್ಣು. ಮೀಸೆ ಉದ್ದವಿದ್ದರೆ ಗಂಡು (ಮೀಸೆ ಎರಡಕ್ಕೂ ಇರುತ್ತೆ ಸ್ವಾಮೀ). ಹೊಟ್ಟೆ ತಡವಿ ನೋಡಿ, ಮೊಲೆತೊಟ್ಟು ಕೈಗೆ ಸಿಕ್ಕಿತು, ಹಾಗಾಗಿ ಹೆಣ್ಣು ಅಂತ ಷರಾ ಬರೆಯುವವರೂ ಇದ್ದಾರೆ. ಅದೂ ಎರಡಕ್ಕೂ ಇರುತ್ತೆ. ದಪ್ಪ ತಲೆಯ ಮಾತಿನಲ್ಲಿ ಮಾತ್ರ ಚೂರು ಸತ್ಯ ಇದೆ. ಪ್ರಾಯಕ್ಕೆ ಬಂದ ಗಡವನಿಗೆ ಹಾರ್ಮೋನಿನ ದೆಸೆಯಿಂದ ಕೆನ್ನೆ ಊದಿ ಮುಖ ಅಗಲವಾಗುತ್ತೆ. ಆದರೆ ಅಂಗೈಯಲ್ಲಿ ಹಿಡಿಸುವ ಮರಿಗೆ ಇನ್ನೂ ಆ ಹಾರ್ಮೋನಿನ ಗಾಳಿಯೇ ಸೋಕಿರುವುದಿಲ್ಲ.

ಎದುರುಮನೆಯ ರಿಟೈರ್ಡ್ ಮೇಷ್ಟ್ರು ಈ ಮುಖಶಾಸ್ತ್ರದಲ್ಲಿ ಪಂಡಿತರು. ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಬಳಿದುಕೊಂಡ ಒಂದು ಮರಿಯನ್ನು ತಂದು, ಅದು ಉಣ್ಣುವ ರೀತಿ ನೋಡಿ ಭೀಮಸೇನ ಅಂತ ನಾಮಕರಣ ಮಾಡಿದರು. ಕೆಲವು ತಿಂಗಳಲ್ಲಿ ಭೀಮಸೇನನ ಹೊಟ್ಟೆ ಉಬ್ಬಿತು. ಮೇಷ್ಟ್ರು "ಜಂತುಹುಳ" ಅಂದರು. ಅವರ ಹಳೇ ಕೋಟಿಟ್ಟಿದ್ದ ಟ್ರಂಕಿನಲ್ಲಿ ಭೀಮಸೇನ ನಾಲ್ಕು ಜಂತುಹುಳ ಹೆತ್ತಾಗಲೂ ಅವರು ಪಟ್ಟು ಸಡಿಲಿಸಲಿಲ್ಲ. "ಹೆಸರು ಬದಲಾಯಿಸೋದು ಬೇಡ, ಅದಕ್ಕೆ ಒಗ್ಗಿಹೋಗಿದೆ" ಅಂದರು. ಈಗ ಬೀದಿಯವರೆಲ್ಲ ಗೌರವ ಕೊಟ್ಟು ಭೀಮಸೇನಮ್ಮ ಅನ್ನುತ್ತಾರೆ. ನಾಲ್ಕರಲ್ಲಿ ಕೆಂಚು ಬಣ್ಣದ ಒಂದು ಗಂಡು ಮರಿಯನ್ನು ಮನೆಯಲ್ಲೇ ಉಳಿಸಿಕೊಂಡು ಘಟೋತ್ಕಚ ಅಂತ ಹೆಸರಿಟ್ಟರು. ಹೆಸರಿನ ವಿಷಯದಲ್ಲಿ ಮೇಷ್ಟ್ರು ಮಹಾಭಾರತ ಬಿಟ್ಟು ಆಚೆ ಹೋಗುವವರಲ್ಲ.

ನಿಜ ಹೇಳಬೇಕೆಂದರೆ ನೋಡುವ ಕೆಲಸದಲ್ಲಿ ಅಂಥ ವಿದ್ಯೆಯೇನೂ ಇಲ್ಲ. ಹೊಟ್ಟೆ ತುಂಬಿ ತೂಕಡಿಸುತ್ತಿರುವ ಮರಿ, ತೊಡೆ ಮೇಲೊಂದು ಟವೆಲು, ಒಳ್ಳೆ ಬೆಳಕು, ಇಷ್ಟು ಸಾಕು. ಬಾಲವನ್ನು ಜಗ್ಗಬಾರದು, ಬುಡದಲ್ಲಿ ಮೆಲ್ಲಗೆ ಎತ್ತಬೇಕು. ಮೊದಲು ಕಾಣುವುದು ಮಲದ್ವಾರ. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಅದರ ಕೆಳಗಿನದು ಯಾವ ಆಕಾರದಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಎಷ್ಟು ದೂರದಲ್ಲಿದೆ ಅಂತ ನೋಡಬೇಕು. ಗಂಡಾದರೆ ಮೇಲೊಂದು ಕೆಳಗೊಂದು ದುಂಡು ಚುಕ್ಕಿ, ನಡುವೆ ಬಿಡುವು: ಕಾಪಿ ಪುಸ್ತಕದಲ್ಲಿ ಬರೆದಂಥ ವಿಸರ್ಗ. ಹೆಣ್ಣಾದರೆ ಮೇಲೆ ಚುಕ್ಕಿ, ಅದಕ್ಕೆ ಅಂಟಿಕೊಂಡ ಹಾಗೆ ಕೆಳಗೊಂದು ಉದ್ದನೆಯ ಸೀಳು. ಗಂಡು ಮರಿಯಲ್ಲಿ ನಡುವಿನ ಜಾಗ ಸುಮಾರು ಒಂದು ಸೆಂಟಿಮೀಟರ್ ದಾಟಿರುತ್ತೆ, ಹೆಣ್ಣಿನಲ್ಲಿ ಅದರ ಅರ್ಧವೂ ಕಷ್ಟ. ಬೆಳೆದ ಗಡವನಲ್ಲಿ ಎರಡೂವರೆ ಸೆಂಟಿಮೀಟರಿಗೂ ಮೀರುತ್ತೆ. ಆಪರೇಷನ್ ಆಗಿ ಚೀಲ ಬರಿದಾದ ಗಂಡನ್ನು ಹೆಣ್ಣಿನಿಂದ ಬೇರೆ ಮಾಡುವುದೂ ಈ ದೂರವೇ.

"ಏನೂ ಕಾಣಿಸಲಿಲ್ಲ, ಆದ್ದರಿಂದ ಹೆಣ್ಣು" ಅನ್ನುವ ತರ್ಕವನ್ನು ಮಾತ್ರ ನಂಬಬೇಡಿ. ಗಂಡು ಮರಿಯ ಬೀಜಗಳು ಹುಟ್ಟಿದಾಗ ತೀರಾ ಪುಟ್ಟವು. ಬೆರಳಿಗೆ ಸಿಗುವ ಹೊತ್ತಿಗೆ ಆರರಿಂದ ಎಂಟು ವಾರವಾಗಿರುತ್ತೆ. ಇನ್ನೊಂದು, ಒಂಟಿ ಮರಿಯನ್ನು ಹಿಡಿದುಕೊಂಡು ತೀರ್ಪು ಕೊಡಲು ಹೋಗಬಾರದು. ಒಡಹುಟ್ಟಿದ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಣ್ಣಿಗೆ ಹೊಡೆಯುತ್ತೆ. ಹಾಗಂತ ಕಣ್ಣು ಬಿಡದ ಮರಿಗಳ ಹತ್ತಿರ ಟಾರ್ಚು, ಅಳತೆಪಟ್ಟಿ ಹಿಡಿದು ಕೂರುವುದೂ ಬೇಡ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತ ಹಿರಿಯರು ಹೇಳುತ್ತಿದ್ದರು. ನೀವು ಟಾರ್ಚು ಬಿಟ್ಟ ದಿನವೇ ಅದು ಎರಡನೇ ಮನೆಗೆ ಹೊರಡುತ್ತೆ. ಎಂಟು ವಾರ ಕಾದರೆ ಗಂಟೇನೂ ಹೋಗುವುದಿಲ್ಲ.

ಮೇಷ್ಟ್ರಿಗೆ ಬಾಲ ಎತ್ತುವ ಸಂಕೋಚವೇ ಬೇಕಿರಲಿಲ್ಲ ಅನ್ನುವುದು ಈ ಕಥೆಯ ಸ್ವಾರಸ್ಯ. ಮೈಮೇಲೆ ಕಪ್ಪು, ಕೆಂಚು ಎರಡೂ ಇರುವ ಬೆಕ್ಕು ಹೆಣ್ಣೇ. ಅಪವಾದ ಸಾವಿರಗಟ್ಟಲೆಯಲ್ಲಿ ಒಂದು. ಕೆಂಚು ಬಣ್ಣದ ಜೀನ್ ಕೂತಿರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಗಂಡಿಗೆ ಇರುವುದು ಒಂದೇ ಎಕ್ಸ್, ಹಾಗಾಗಿ ಕೆಂಚು ಅಥವಾ ಕಪ್ಪು, ಯಾವುದಾದರೂ ಒಂದು. ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ಕೆಂಚು, ಇನ್ನೊಂದರಲ್ಲಿ ಕಪ್ಪು ಇದ್ದರೆ, ಒಂದೊಂದು ಜೀವಕೋಶವೂ ಎರಡರಲ್ಲಿ ಒಂದನ್ನು ಮಲಗಿಸಿ ಇನ್ನೊಂದರ ಮಾತು ಕೇಳುತ್ತೆ. ಇಲ್ಲಿ ಕೆಂಚು ತೇಪೆ, ಅಲ್ಲಿ ಕಪ್ಪು ತೇಪೆ. ಹಾಗೆ ಮಲಗಿದ ಎಕ್ಸ್ ಅನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ಕಂಡದ್ದೂ ಬೆಕ್ಕಿನಲ್ಲೇ. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಅವರ ವಿದ್ಯಾರ್ಥಿ ಬರ್ಟ್ರಮ್ ಬೆಕ್ಕಿನ ನರಕೋಶಗಳನ್ನು ನೋಡುತ್ತಿದ್ದಾಗ ಹೆಣ್ಣಿನ ಕೋಶಗಳಲ್ಲಿ ಮಾತ್ರ ಒಂದು ಕಪ್ಪು ಚುಕ್ಕಿ ಕಾಣಿಸಿತು. ಆ ಚುಕ್ಕಿ ನಿದ್ದೆ ಹೋದ ಎಕ್ಸ್ ಅನ್ನುವುದು ತಿಳಿದದ್ದು ಆಮೇಲೆ. ಬಾಲ ಎತ್ತದೆಯೇ ಬೆಕ್ಕಿನ ಗಂಡು ಹೆಣ್ಣು ಹೇಳಿದ ಗಟ್ಟಿಗರು ಅವರಿಬ್ಬರು. ಮೂರು ಬಣ್ಣದ ಗಂಡು ಸಿಗುವುದು ಅಪರೂಪ, ಸಿಕ್ಕರೂ ಸಾಮಾನ್ಯವಾಗಿ ಒಂದು ಎಕ್ಸ್ ಜಾಸ್ತಿಯಾಗಿ ಬಂದಿರುವ ಬಂಜೆ ಗಂಡು. ಜಪಾನಿನ ನಾವಿಕರಿಗೆ ಅದು ಶುಭಲಕ್ಷಣ. 1956ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟ ಜಪಾನಿನ ತಂಡ ತಾಕೇಶಿ ಅನ್ನುವ ಮೂರು ಬಣ್ಣದ ಗಂಡು ಬೆಕ್ಕನ್ನು ಜೊತೆಗೇ ಕರೆದುಕೊಂಡು ಹೋಗಿತ್ತು. ಮುಂದಿನ ಸಲ ಯಾರಾದರೂ ಮೂರು ಬಣ್ಣದ ಮರಿ ತೋರಿಸಿ "ಗಂಡೇ ಕಣ್ರೀ" ಅಂದರೆ, ಹಡಗು ಯಾವಾಗ ಹೊರಡುತ್ತೆ ಅಂತ ಕೇಳಿ.

ಪೂರ್ತಿ ಕೆಂಚು ಬೆಕ್ಕುಗಳಲ್ಲಿ ಹೆಚ್ಚುಕಡಿಮೆ ಐದಕ್ಕೆ ನಾಲ್ಕು ಗಂಡು. ಗಂಡಿಗೆ ಒಂದು ಕೆಂಚು ಜೀನ್ ಸಾಕು, ಹೆಣ್ಣಿಗೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರಬೇಕು. ಘಟೋತ್ಕಚನ ಬಣ್ಣ ನೋಡಿ ನಮ್ಮ ಬೀದಿಯವರು ಮೂಲೆ ಅಂಗಡಿಯ ಕೆಂಚು ಗಡವನ ಮೇಲೆ ಅಪವಾದ ಹೊರಿಸಿದ್ದರು. ಪಾಪ, ಗಂಡುಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಕೆಂಚು ಬಣ್ಣ ಭೀಮಸೇನಮ್ಮನ ಕೊಡುಗೆ. ಹಾಗಂತ ಆ ಗಡವ ನಿರಪರಾಧಿ ಅಂತಲೂ ಹೇಳಲಾರೆ. ಬೆಕ್ಕಿನ ಒಂದೇ ಸೂಲಿನ ಮರಿಗಳಿಗೆ ಇಬ್ಬರು ಮೂವರು ಅಪ್ಪಂದಿರು ಇರುವುದುಂಟು. ಇದನ್ನು ಮೇಷ್ಟ್ರ ಮುಂದೆ ವಿವರಿಸುವ ಕೆಲಸ ಯಾರೂ ವಹಿಸಿಕೊಂಡಿಲ್ಲ.

ಇಷ್ಟೆಲ್ಲ ನೋಡಿ, ಅಳೆದು, ಗಂಡೋ ಹೆಣ್ಣೋ ಅಂತ ತಿಳಿದ ಮೇಲೆ ನಿಜವಾದ ಪ್ರಶ್ನೆ ಶುರು. ಹೆಣ್ಣಾದರೆ ಮಾರ್ಕೆಟ್ಟಿನ ಹಿಂದೆ ಬಿಟ್ಟುಬರುವುದು, ಗಂಡಾದರೆ ಸಾಕಿಕೊಳ್ಳುವುದು ಅನ್ನುವುದು ನಮ್ಮಲ್ಲಿ ನಡೆದುಬಂದ ಪರಿಹಾರ. ಇದರಷ್ಟು ದಡ್ಡ ಪರಿಹಾರ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮಾರ್ಕೆಟ್ಟಿಗೆ ಹೋದ ಹೆಣ್ಣು ಅಲ್ಲಿ ಮರಿ ಹಾಕುತ್ತೆ, ನೀವು ಸಾಕಿಕೊಂಡ ಗಂಡು ಅಲ್ಲಿಗೇ ನಡೆದುಕೊಂಡು ಹೋಗುತ್ತೆ. ಎರಡಕ್ಕೂ ಒಂದೇ ಮದ್ದು. ಮನೆಯಲ್ಲಿರುವುದು ಗಂಡಾಗಲಿ ಹೆಣ್ಣಾಗಲಿ, ನಾಲ್ಕೈದು ತಿಂಗಳಲ್ಲಿ ಆಪರೇಷನ್ ಮಾಡಿಸಿಬಿಡಬೇಕು.

"ಇಷ್ಟು ಚಿಕ್ಕದಕ್ಕಾ!" ಅನ್ನುತ್ತೀರಿ. ಎಲ್ಲರೂ ಹಾಗೇ ಅನ್ನುತ್ತಾರೆ. ಬೆಕ್ಕು ಅನ್ನುವುದಿಲ್ಲ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬಂದುಬಿಡಬಹುದು. ಬಸಿರು ಒಂಬತ್ತು ವಾರ. ಯುಗಾದಿಗೆ ಹುಟ್ಟಿದ ಮರಿ ದೀಪಾವಳಿಗೆ ಬಾಣಂತಿ. ಚಳಿದೇಶಗಳ ಬೆಕ್ಕುಗಳಿಗೆ ಹಗಲು ಗಿಡ್ಡವಾಗುವ ಚಳಿಗಾಲದಲ್ಲಾದರೂ ರಜೆ ಸಿಗುತ್ತೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಗಂಟೆಯೊಂದೂವರೆ, ಅದರ ಮೇಲೆ ರಾತ್ರಿ ಹನ್ನೊಂದರವರೆಗೂ ನಮ್ಮ ಟ್ಯೂಬ್‌ಲೈಟು. ನಮ್ಮ ಬೆಕ್ಕಿಗೆ ವರ್ಷಪೂರ್ತಿ ಮುಹೂರ್ತ. ಮೊದಲ ಬೆದೆ ಬಂದಾಗ ಮನೆಯವರಿಗೆ ಅದು ಬೆದೆ ಅಂತ ಹೊಳೆಯುವುದೂ ಇಲ್ಲ. ನೆಲದ ಮೇಲೆ ಹೊರಳುತ್ತೆ, ಸೊಂಟ ಎತ್ತಿ ಹಿಂಗಾಲು ತುಳಿಯುತ್ತೆ, ನಡುರಾತ್ರಿ ಕರುಳು ಕಿತ್ತು ಬರುವ ದನಿಯಲ್ಲಿ ಕೂಗುತ್ತೆ. ಅಜ್ಜಿ ಹೊಟ್ಟೆನೋವು ಅಂತ ಇಂಗು ತೇಯಲು ಕೂರುತ್ತಾರೆ. ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಆ ದನಿಯ ಅರ್ಥ ಬಲ್ಲ ಮೂರು ಗಡವಗಳು ಬಂದು ಕೂತಿರುತ್ತವೆ. ಸುಮಾರು ಒಂದು ವಾರ ಈ ಗಲಾಟೆ. ಕೂಡಿಕೆ ಆಗದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಹಾಜರು. ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದೇ ಕೂಡಿಕೆಯ ಪ್ರಚೋದನೆಯಿಂದ, ಹೀಗಾಗಿ ಗುರಿ ತಪ್ಪುವುದು ಕಡಿಮೆ. ಮರಿಗೆ ಹಾಲೂಡಿಸುತ್ತಿರುವಾಗಲೇ ಮುಂದಿನ ಬೆದೆ ಬರುವುದೂ ಉಂಟು. ಹಾಲು ಕುಡಿಸುವಾಗ ಏನಾಗಲ್ಲ ಅನ್ನುವ ನಂಬಿಕೆಯಲ್ಲಿ ಕೂತವರ ಮನೆ ಟ್ರಂಕುಗಳೆಲ್ಲ ಭರ್ತಿ.

ಇನ್ನು ಮುಂದೂಡುವ ಕಲೆ. "ಆಷಾಢ ಕಳೀಲಿ." "ಶ್ರಾವಣದಲ್ಲಿ ರಕ್ತ ಬೇಡ." "ಪಕ್ಷ ಮುಗೀಲಿ." "ಮಕ್ಕಳ ಪರೀಕ್ಷೆ ಇದೆ." ಇವೆಲ್ಲಕ್ಕೂ ಮಿಗಿಲಾದದ್ದು ಹಿಂದಿನ ಬೀದಿಯ ಅಜ್ಜಿಯ ಮಾತು: "ಒಂದ್ಸಲನಾದ್ರೂ ತಾಯಿ ಆಗ್ಲಿ ಬಿಡಮ್ಮ, ಹೆಣ್ಣು ಜನ್ಮ." ಅಜ್ಜಿಯ ಕರುಣೆ ದೊಡ್ಡದು, ಆದರೆ ಒಮ್ಮೆ ಹೆರುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಲೆಕ್ಕ ಇರುವುದು ಈ ಕಡೆಗೆ: 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರು ತಿಂಗಳೊಳಗೆ ಆಪರೇಷನ್ ಆದ ಹೆಣ್ಣು ಬೆಕ್ಕುಗಳಿಗೆ ಸ್ತನದ ಕ್ಯಾನ್ಸರಿನ ಅಪಾಯ ಶೇ. 91ರಷ್ಟು ಕಡಿಮೆ ಇತ್ತು, ವರ್ಷದೊಳಗೆ ಆದವಕ್ಕೆ ಶೇ. 86ರಷ್ಟು. ಬೆಕ್ಕಿನ ಸ್ತನದ ಗಂಟುಗಳಲ್ಲಿ ಬಹುಪಾಲು ಕೆಟ್ಟ ಗಂಟುಗಳೇ. ಬೆದೆ ತಡೆಯುವ ಮಾತ್ರೆ, ಇಂಜೆಕ್ಷನ್ ಕೊಡಿಸಿ ಕಾಲ ತಳ್ಳುವವರು ಇದನ್ನು ಎರಡು ಸಲ ಓದಬೇಕು. ಆ ಹಾರ್ಮೋನುಗಳೇ ಗರ್ಭಕೋಶದಲ್ಲಿ ಕೀವು, ಸ್ತನದಲ್ಲಿ ಗಂಟು ತರಿಸಬಲ್ಲವು.

ಹಿಂದೆ ಆರು ತಿಂಗಳು ಅನ್ನುತ್ತಿದ್ದರು, ಈಗ ಅನೇಕ ವೈದ್ಯರು ಐದು ತಿಂಗಳೊಳಗೆ ಅನ್ನುತ್ತಾರೆ. ಅನಾಥ ಮರಿಗಳ ಆಶ್ರಯಗಳಲ್ಲಿ ಎಂಟು ವಾರಕ್ಕೆ, ತೂಕ ಒಂದು ಕಿಲೋ ಆದರೆ ಮಾಡುವುದೂ ಇದೆ. ಎಳೆಯದು, ತಡೆದುಕೊಳ್ಳಲಾರದು ಅಂತ ನಾವು ಅಂದುಕೊಂಡರೂ ಎಳೆಯ ಮರಿಗಳು ಬೇಗ ಚೇತರಿಸಿಕೊಂಡು ಸಂಜೆಗೇ ಪರದೆ ಹತ್ತಲು ನೋಡುತ್ತವೆ. ಮನೆಯ ಮರಿಗೆ ಮೊದಲು ಲಸಿಕೆಗಳ ಸರದಿ ಮುಗಿಸಿ, ನಾಲ್ಕು ತಿಂಗಳ ಆಸುಪಾಸಿಗೆ ಆಪರೇಷನ್ ದಿನ ಗೊತ್ತು ಮಾಡಿಕೊಂಡರೆ ಬೆದೆಗಿಂತ ನಾವು ಒಂದು ಹೆಜ್ಜೆ ಮುಂದೆ. ಭೀಮಸೇನಮ್ಮನ ಹಾಗೆ ಬಾಣಂತನ ಮುಗಿಸಿದವರಿಗೆ, ಮರಿಗಳು ಹಾಲು ಬಿಟ್ಟು, ಎದೆ ಹಾಲು ಇಂಗಿದ ಮೇಲೆ. ಅಲ್ಲಿಯತನಕ ಕಿಟಕಿಗೆ ಚಿಲಕ.

ಹೆಣ್ಣು ಬೆಕ್ಕಿನ ಆಪರೇಷನ್ ಅಂದಾಗ ಮೇಷ್ಟ್ರು ಎರಡು ಮಾತಾಡದೆ ಒಪ್ಪಿದರು. "ಮಾಡಿಸೋಣ, ಪಾಪ, ಹೆತ್ತು ಹೆತ್ತು ಸೊರಗುತ್ತೆ." ಘಟೋತ್ಕಚನ ಸರದಿ ಬಂದಾಗ ಅವರ ಮುಖದ ಕಳೆಯೇ ಇಳಿಯಿತು. ಕಾಲು ಮೇಲೆ ಕಾಲು ಹಾಕಿ ಕೂತಿದ್ದವರು ಇನ್ನಷ್ಟು ಬಿಗಿಯಾಗಿ ಹಾಕಿಕೊಂಡರು. "ಗಂಡು ಜೀವ... ಅದರ ಸ್ವಭಾವ... ಆಮೇಲೆ ಅದಕ್ಕೆ ಬೇಜಾರಾಗಲ್ವೇ?" ಎತ್ತಿಗೆ ಬೀಜ ಒಡೆಸುವುದನ್ನು ಹಳ್ಳಿಯಲ್ಲಿ ನೋಡಿಕೊಂಡು, ಆ ಎತ್ತು ಉತ್ತ ಅನ್ನ ಉಂಡು ಬೆಳೆದವರು ಅವರು. ಎತ್ತಿನ ಬೇಜಾರನ್ನು ಯಾರೂ ವಿಚಾರಿಸಿದ್ದು ಕಾಣೆ. ಒಳಗೆ ಹುರುಳಿಕಾಯಿ ಸೋಸುತ್ತಿದ್ದ ಮೇಷ್ಟ್ರ ಹೆಂಡತಿ ಅಲ್ಲಿಂದಲೇ ಅಂದರು: "ರೀ, ಎರಡನೇದು ಹುಟ್ಟಿದ ಮೇಲೆ ನನ್ನನ್ನ ಆಸ್ಪತ್ರೆಗೆ ಸೇರಿಸಿದ್ರಲ್ಲ, ಅವತ್ತು ಈ ಬೇಜಾರಿನ ಮಾತು ಬರಲಿಲ್ಲ."

ಮೇಷ್ಟ್ರ ಹೆಂಡತಿಯ ಮಾತಿಗೆ ಸರ್ಕಾರದ ಅಂಕಿಯೂ ತಲೆಯಾಡಿಸುತ್ತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದಂಪತಿಗಳಲ್ಲಿ ಹೆಂಡತಿ ಆಪರೇಷನ್ ಮಾಡಿಸಿಕೊಂಡವರು ಶೇ. 37.9, ಗಂಡ ಮಾಡಿಸಿಕೊಂಡವರು ಶೇ. 0.3. ಸಂತಾನ ನಿಯಂತ್ರಣಕ್ಕೆ 1930ರಲ್ಲೇ ಸರ್ಕಾರಿ ಕ್ಲಿನಿಕ್ಕು ತೆರೆದ ಮೈಸೂರು ಸಂಸ್ಥಾನದ ವಾರಸುದಾರರು ನಾವು. ಆರತಿಗೊಬ್ಬಳು ಕೀರ್ತಿಗೊಬ್ಬ ಅಂತ ಗೋಡೆಗೋಡೆಯ ಮೇಲೆ ಓದಿಕೊಂಡು ಬೆಳೆದವರು. ಗೋಡೆಯ ಮಾತು ಹೆಂಗಸರಿಗೆ ಮಾತ್ರ ಕೇಳಿಸಿತು ಅಂತ ಕಾಣುತ್ತೆ. ಮನುಷ್ಯರಲ್ಲಿರುವಂತೆ ಬೆಕ್ಕಿನಲ್ಲೂ ಗಂಡಿನದೇ ಸುಲಭದ ಕೆಲಸ. ಹೆಣ್ಣಿಗೆ ಹೊಟ್ಟೆ ತೆರೆಯಬೇಕು, ಹೊಲಿಗೆ ಹಾಕಬೇಕು, ಹತ್ತು ಹದಿನಾಲ್ಕು ದಿನ ಹೊಲಿಗೆ ಕಾಯಬೇಕು. ಗಂಡಿಗೆ ಅರಿವಳಿಕೆ ಹತ್ತುವಷ್ಟು ಹೊತ್ತೂ ಕೆಲಸಕ್ಕೆ ಬೇಕಾಗುವುದಿಲ್ಲ, ಎಷ್ಟೋ ಸಲ ಚರ್ಮಕ್ಕೆ ಹೊಲಿಗೆಯೂ ಇಲ್ಲ. ಮಾಡಿಸದಿದ್ದರೆ? ಆರೇಳು ತಿಂಗಳಿಗೆ ಬಾಗಿಲು, ಸೋಫಾ, ಪೇಪರಿನ ಕಟ್ಟು ಎಲ್ಲದಕ್ಕೂ ಮೂತ್ರದ ಮೊಹರು ಬೀಳುತ್ತೆ. ಆ ವಾಸನೆ ಮೂರು ದಿನ ತೊಳೆದರೂ ಹೋಗುವುದಿಲ್ಲ. ಆಮೇಲೆ ಊರಾಚೆಯ ಜಗಳ, ಹರಿದ ಕಿವಿ, ಕಡಿತದ ಬಾವು. ಆಪರೇಷನ್ ಆದ ಹತ್ತು ಗಡವಗಳಲ್ಲಿ ಒಂಬತ್ತು ಈ ಮೊಹರು ಹಾಕುವ ಚಾಳಿ ಬಿಡುತ್ತವೆ. ಇಲಿ ಹಿಡಿಯುವುದನ್ನು ಬಿಡುತ್ತೆ ಅನ್ನುವುದು ಸುಳ್ಳು, ಬೇಟೆಗೂ ಬೀಜಕ್ಕೂ ಸಂಬಂಧವಿಲ್ಲ. ದಪ್ಪಗಾಗುತ್ತೆ ಅನ್ನುವುದು ಅರ್ಧ ನಿಜ. ಆಪರೇಷನ್ ಆದ ಬೆಕ್ಕಿಗೆ ಮುಂಚಿನಷ್ಟು ಊಟ ಬೇಕಾಗುವುದಿಲ್ಲ, ಆದರೆ ಹಸಿವು ಹೆಚ್ಚುತ್ತೆ. ಬಡಿಸುವ ಕೈ ನಮ್ಮದೇ ತಾನೇ.

ಕೊನೆಗೆ ತಾಯಿ ಮಗ ಇಬ್ಬರನ್ನೂ ಒಂದೇ ಆಟೋದಲ್ಲಿ ಕರೆದುಕೊಂಡು ಹೋದರು. ಹೋಗುವವರಿಗೆಲ್ಲ ಎರಡು ಮಾತು. ಉಪವಾಸ ಎಷ್ಟು ಹೊತ್ತು ಅಂತ ವೈದ್ಯರನ್ನೇ ಕೇಳಿ. ಏಕಾದಶಿಯ ಉತ್ಸಾಹದಲ್ಲಿ ಪುಟ್ಟ ಮರಿಯನ್ನು ಹಿಂದಿನ ಸಂಜೆಯಿಂದಲೇ ಉಪವಾಸ ಕೆಡವಿದರೆ ರಕ್ತದ ಸಕ್ಕರೆ ಇಳಿದು ಅಪಾಯ. ಮನೆಗೆ ಬಂದ ಮೇಲೆ ನೋವು ತಿನ್ನುತ್ತಿದೆ ಅಂತ ನಿಮ್ಮ ಡಬ್ಬಿಯ ಪ್ಯಾರಸಿಟಮಾಲ್ ಚೂರು ಮುರಿದು ಕೊಡಲೇಬೇಡಿ. ಬೆಕ್ಕಿನ ಲಿವರಿಗೆ ಅದನ್ನು ಅರಗಿಸುವ ಶಕ್ತಿ ಇಲ್ಲ, ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಲ್ಲದು. ವೈದ್ಯರು ಕೊಟ್ಟ ಔಷಧಿ ಮಾತ್ರ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕೊರಳಪಟ್ಟಿ ಹಾಕಿ ಕಳಿಸುತ್ತಾರೆ. ಭೀಮಸೇನಮ್ಮ ಅದನ್ನು ಹಾಕಿಕೊಂಡು ಹಿಂದಕ್ಕೇ ನಡೆದು ಅಡುಗೆಮನೆ ಸೇರಿದಳು.

ಘಟೋತ್ಕಚ ಸಂಜೆಗೇ ಎದ್ದು ತಟ್ಟೆಯ ಮುಂದೆ ಕೂತ. ಬೇಜಾರಿನ ಸುಳಿವೇನೂ ಕಾಣಲಿಲ್ಲ. ಅವನನ್ನು ಕೆಲವು ವಾರ ಹೊರಗೆ ಬಿಡಬೇಡಿ ಅಂತ ಮೇಷ್ಟ್ರಿಗೆ ಹೇಳಿದೆ. ಬೀಜ ತೆಗೆದರೂ ನಾಳದಲ್ಲಿ ಹಳೆಯ ದಾಸ್ತಾನು ಸ್ವಲ್ಪ ಉಳಿದಿರುತ್ತೆ, ಒಂದು ತಿಂಗಳ ಮಟ್ಟಿಗೆ ಗಡವನನ್ನು ನಂಬುವಂತಿಲ್ಲ. ಬೆಳಗಿನಿಂದ ಬಾಡಿದ್ದ ಮೇಷ್ಟ್ರ ಮುಖ ಅರಳಿತು.

"ಹಾಗಾದ್ರೆ ಇನ್ನೂ ಒಂದು ತಿಂಗಳು ಟೈಮಿದೆ ಅನ್ನಿ!"

ಅವರ ಹೆಂಡತಿ ಎದ್ದು ಹೋಗಿ ಕಿಟಕಿಯ ಚಿಲಕ ಹಾಕಿ ಬಂದರು.